ಹಾಟ್ ರಾಡ್ ಕಟ್ಟಿದ ಮೇಲೆ ಮುಂದಿನ ಆಕ್ಸಲ್ ಹೊಂದಿಸುವ ಬಗೆ

ಹಳೇ ಫೋರ್ಡಿನ ಮಡ್‌ಗಾರ್ಡ್ ಕಿತ್ತು, ಮೂತಿ ತಗ್ಗಿಸಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಹುಡುಗರು ಓಡಿಸುತ್ತಿದ್ದ ಕಾರುಗಳೇ ಹಾಟ್ ರಾಡ್. ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಇವತ್ತಿಗೂ ಇವನ್ನು ಕಟ್ಟುತ್ತಾರೆ. ಬಣ್ಣಕ್ಕೆ ತಿಂಗಳುಗಟ್ಟಲೆ ಕೂರುವವರು ಮುಂದಿನ ಆಕ್ಸಲ್‌ಗೆ ಒಂದು ಸಂಜೆ ಕೊಡುವುದಿಲ್ಲ. ಆಮೇಲೆ ರಸ್ತೆಯಲ್ಲಿ ಸ್ಟಿಯರಿಂಗ್ ಗಡಗಡ ನಡುಗಿದಾಗ ಎದೆಯೂ ನಡುಗುತ್ತದೆ.

ಫೋರ್ಡ್ ಕಾರುಗಳಿಗೆ 1948ರವರೆಗೂ ಮುಂದೆ ಒಂದೇ ಉಕ್ಕಿನ ತೊಲೆಯಂಥ ಆಕ್ಸಲ್ ಇತ್ತು. ಗಾಲಿಯ ಓರೆ, ಅಂದರೆ ಕ್ಯಾಂಬರ್, ಆ ತೊಲೆಯಲ್ಲೇ ಬಂದಿರುತ್ತದೆ. ಅದು ತಪ್ಪಿದ್ದರೆ ಉಕ್ಕು ಬಗ್ಗಿಸುವ ಪ್ರೆಸ್ ಇರುವವರ ಬಳಿ ಒಯ್ಯಿರಿ, ಮನೆಯಲ್ಲಿ ಬಗ್ಗಿಸುವ ಸಾಹಸ ಬೇಡ. ನಮ್ಮ ಕೈಗೆ ಸಿಗುವುದು ಎರಡು: ಗಾಲಿ ತಿರುಗುವ ಕೀಲಿನ ಹಿಂದಕ್ಕಿರುವ ವಾಲಿಕೆ, ಅಂದರೆ ಕ್ಯಾಸ್ಟರ್, ಮತ್ತು ಮುಂದಿನ ಎರಡು ಗಾಲಿಗಳ ಮೂತಿ ತುಸು ಒಳಮುಖವಾಗಿರುವುದು, ಅಂದರೆ ಟೋ-ಇನ್.

ಮೊದಲು ಕಾರು ಪೂರ್ತಿ ತೂಕದಲ್ಲಿ ಸಮತಟ್ಟು ನೆಲದ ಮೇಲೆ ನಿಲ್ಲಲಿ. ಎಂಜಿನ್, ಸೀಟು, ಪೆಟ್ರೋಲ್ ಎಲ್ಲ ಇರಬೇಕು, ಟೈರಿಗೆ ಸರಿಯಾದ ಗಾಳಿ ಇರಬೇಕು. ಚಾಸಿಯ ಮೂತಿ ಒಂದು ಡಿಗ್ರಿ ತಗ್ಗಿದರೆ ಒಂದು ಡಿಗ್ರಿ ಕ್ಯಾಸ್ಟರ್ ಹೋಯಿತೆಂದೇ ಲೆಕ್ಕ.

ಆಮೇಲೆ ಕಿಂಗ್‌ಪಿನ್ನಿನ, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಯಾವುದರ ಮೇಲೆ ಹೊರಳುತ್ತದೋ ಆ ಗೂಟದ, ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಿಂದಿನ ಆಕ್ಸಲ್ಲಿನ ಎರಡೂ ತುದಿಗೂ ಹಾಗೆಯೇ. ಮುಂದಿನ ಗುರುತಿನಿಂದ ಹಿಂದಿನ ಗುರುತಿಗೆ ಎರಡೂ ಪಕ್ಕದ ಅಳತೆ ಒಂದೇ ಬರಬೇಕು; 1932ರ ಫೋರ್ಡಿಗೆ ಅದು 106 ಇಂಚು. ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ.

ಕ್ಯಾಸ್ಟರ್ ಎಂದರೆ ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುವುದು. ಸೈಕಲ್ಲಿನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ಕೈಬಿಟ್ಟರೂ ಅದು ನೆಟ್ಟಗೆ ಓಡುವುದಕ್ಕೆ ಆ ವಾಲಿಕೆಯೂ ಒಂದು ಕಾರಣ. 5ರಿಂದ 7 ಡಿಗ್ರಿ ಇಡಿ. ಆಕ್ಸಲ್ ತುದಿಯಲ್ಲಿ ಕಿಂಗ್‌ಪಿನ್ ಕೂರುವ ಗುಬ್ಬಿನ ಚಪ್ಪಟೆ ಮೈಮೇಲೆ ಕೋನಮಾಪಕವಿಟ್ಟರೆ ಅಂಕಿ ಸಿಗುತ್ತದೆ. ಆಕ್ಸಲನ್ನು ಚಾಸಿಗೆ ಹಿಡಿದಿಡಲು ಕೂದಲ ಪಿನ್ನಿನಾಕಾರದ ಹೇರ್‌ಪಿನ್ ರಾಡುಗಳಿದ್ದರೆ ಮೇಲಿನ ಕೊಂಡಿಯನ್ನು ಒಳಕ್ಕೆ ತಿರುಗಿಸಿ, ಕ್ಯಾಸ್ಟರ್ ಏರುತ್ತದೆ. ಅದೇ ಕೆಲಸಕ್ಕೆ ಸೀಳಿದ ವಿಶ್‌ಬೋನ್ (ಫೋರ್ಡಿನ V ಆಕಾರದ ರಾಡನ್ನು ಎರಡಾಗಿ ಕತ್ತರಿಸಿದ್ದು) ಆದರೆ ಅದರ ಹಿಂದಿನ ತುದಿ ಕೂರುವ ಜಾಗವನ್ನೇ ಕೆಳಗಿಳಿಸಬೇಕು. ಎರಡೂ ಪಕ್ಕ ಸಮ ಇರಲಿ, ಇಲ್ಲದಿದ್ದರೆ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಕಾರು ಎಳೆಯುತ್ತದೆ. ಇದು ಮುಗಿದ ಮೇಲೆ ನೆಲದ ಗುರುತುಗಳನ್ನು ಇನ್ನೊಮ್ಮೆ ಅಳೆಯಿರಿ, ಆಕ್ಸಲ್ ಸರಿದಿರುವ ಸಂಭವ ಹೆಚ್ಚು.

ಟೋ-ಇನ್ ಕೊನೆಗೆ. ಜ್ಯಾಕ್ ಕೊಟ್ಟು ಗಾಲಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಬಳಿಯಿರಿ. ಮರದ ತುಂಡಿಗೆ ಹೊಡೆದ ಮೊಳೆಯನ್ನು ಅದಕ್ಕೆ ತಾಗಿಸಿ ಹಿಡಿದು ಮತ್ತೆ ತಿರುಗಿಸಿದರೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಕಾರು ಇಳಿಸಿ, ನಾಲ್ಕಡಿ ಮುಂದಕ್ಕೆ ತಳ್ಳಿ. ಸ್ಟಿಯರಿಂಗ್ ನೇರವಿರಲಿ. ಆಕ್ಸಲ್ ಎತ್ತರದಲ್ಲಿ ಟೈರುಗಳ ಹಿಂಬದಿಯ ಗೆರೆಯಿಂದ ಗೆರೆಗೆ ಅಳೆದು ಅಲ್ಲೇ ಗುರುತು ಹಾಕಿ. ಆ ಗುರುತು ಮುಂಬದಿಗೆ ಬರುವಷ್ಟು ಕಾರನ್ನು ಮತ್ತೆ ಮುಂದಕ್ಕೆ ತಳ್ಳಿ ಅದೇ ಗುರುತಿನಲ್ಲಿ ಅಳೆಯಿರಿ. ಹೀಗೆ ಅಳೆದರೆ ರಿಮ್ಮಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಮುಂಬದಿಯ ಅಳತೆ ಹಿಂಬದಿಯದಕ್ಕಿಂತ ಹಳೇ ಮಾದರಿಯ ಬಯಾಸ್ ಟೈರಿಗೆ ಸುಮಾರು 3 ಮಿ.ಮೀ., ರೇಡಿಯಲ್‌ಗೆ ಒಂದೂವರೆ ಮಿ.ಮೀ. ಕಡಿಮೆ ಬಂದರೆ ಸರಿ. ಹೆಚ್ಚುಕಮ್ಮಿಯಾದರೆ ಎರಡು ಗಾಲಿಗಳನ್ನೂ ಜೋಡಿಸುವ ಟೈ ರಾಡ್ ತಿರುಗಿಸಿ, ಮತ್ತೆ ತಳ್ಳಿ, ಮತ್ತೆ ಅಳೆಯಿರಿ. ಬೇಸರದ ಕೆಲಸವೇ. ಲಾಕ್ ನಟ್ ಬಿಗಿ ಮಾಡುವುದನ್ನು ಮಾತ್ರ ಮರೆಯಬೇಡಿ.

ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನೋಡಿ. ನಡುಕ ಹೋಗದಿದ್ದರೆ ಕ್ಯಾಸ್ಟರ್ ಏರಿಸುತ್ತಾ ಹೋಗಬೇಡಿ, ಕಿಂಗ್‌ಪಿನ್ ಬುಷ್ ಸವೆದಿದೆಯೇ, ಗಾಲಿ ಬ್ಯಾಲೆನ್ಸ್ ಆಗಿದೆಯೇ ನೋಡಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಟೈರಿನ ಮೇಲೆ ಅಂಗೈ ಸವರಿ. ಒಳಗಿನಿಂದ ಹೊರಕ್ಕೆ ಸವರುವಾಗ ಗರಗಸದಂತೆ ಚುಚ್ಚಿದರೆ ಟೋ-ಇನ್ ಜಾಸ್ತಿಯಾಗಿದೆ.