ಕರೆಂಟ್ ಕದಲಬಾರದು, ದೀಪ ಮಾತ್ರ ಬದಲಾಗಬೇಕು

ಒಂದು ಮೈಕ್ರಾನ್ ದಪ್ಪದ ಅಮಾರ್ಫಸ್ ಸಿಲಿಕಾನ್ ಫಿಲ್ಮು, ಅಂದರೆ ಪರಮಾಣುಗಳು ಹರಳಿನಂತೆ ಸಾಲಾಗಿ ಕೂರದ ಸಿಲಿಕಾನಿನ ತೆಳು ಪದರ. ಚೆನ್ನಾಗಿ ಬೆಳೆಸಿದ್ದರೆ ಸುಮಾರು ಒಂದು ಕೋಟಿ ಪರಮಾಣುಗಳಲ್ಲಿ ಒಂದರ ಬಂಧ ತುಂಡಾಗಿರುತ್ತದೆ. ನಾನು ಎಣಿಸಬೇಕಿದ್ದದ್ದು ಅವನ್ನೇ. ಬೆಳಕು ಹಾಯಿಸಿ ನೋಡೋಣ ಎಂದರೆ, ಈ ಡಿಫೆಕ್ಟುಗಳು ನುಂಗುವುದು ಬಿದ್ದ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು. ಮಾಮೂಲಿ ಸ್ಪೆಕ್ಟ್ರೋಮೀಟರಿಗೆ ಅದು ಕಾಣುವುದೇ ಇಲ್ಲ. ಆದರೆ ನುಂಗಿದ ಬೆಳಕು ಎಲೆಕ್ಟ್ರಾನನ್ನು ಬಿಡಿಸುತ್ತದಲ್ವಾ? ಆ ಕರೆಂಟನ್ನು ಅಳೆಯಬಹುದು.

ಫಿಲ್ಮಿನ ಮೇಲೆ ಎರಡು ಅಲ್ಯುಮಿನಿಯಂ ಪಟ್ಟಿ, ನಡುವೆ ಅರ್ಧ ಮಿಲಿಮೀಟರ್ ಸಂದು, 100 ವೋಲ್ಟ್. ಹ್ಯಾಲೊಜನ್ ದೀಪ, ಅದರ ಬೆಳಕಿನಿಂದ ಒಂದೊಂದೇ ಬಣ್ಣ ಆರಿಸುವ ಮೊನೊಕ್ರೊಮೇಟರ್, ಬೆಳಕನ್ನು ಮಿಣುಕಿಸುವ ಚಾಪರ್, ಆ ಮಿಣುಕಿಗೆ ತಾಳ ಹಾಕುವ ಕರೆಂಟನ್ನಷ್ಟೇ ಅಳೆಯುವ ಲಾಕ್-ಇನ್. ಬಣ್ಣ ಬದಲಿಸಿದಾಗಲೆಲ್ಲ ದೀಪವನ್ನು ಏರಿಸಿ ಇಳಿಸಿ ಫೋಟೋಕರೆಂಟನ್ನು, ಅಂದರೆ ಬೆಳಕು ಹುಟ್ಟಿಸಿದ ಕರೆಂಟನ್ನು, ಒಂದೇ ಅಂಕಿಯಲ್ಲಿ ಹಿಡಿದಿಡಬೇಕು. ಸುಮ್ನೆ ಶಿಸ್ತಿಗಲ್ಲ. ಕರೆಂಟು ಬದಲಾದರೆ ಎಲೆಕ್ಟ್ರಾನಿನ ಆಯಸ್ಸೂ ಬದಲಾಗಿ ಲೆಕ್ಕ ಕೆಡುತ್ತದೆ. ಜಾಸ್ತಿ ಫೋಟಾನು ಸುರಿಯಬೇಕಾಯಿತೇ? ಹಾಗಾದರೆ ಆ ಬಣ್ಣವನ್ನು ಫಿಲ್ಮು ಕಡಿಮೆ ಹೀರುತ್ತದೆ. 1980ರ ದಶಕದ ಆರಂಭದಲ್ಲಿ ಪ್ರಾಗ್‌ನ ವನೆಚೆಕ್ ಮತ್ತು ಜೊತೆಗಾರರು ರೂಢಿಗೆ ತಂದ ವಿಧಾನ ಇದು.

ಯಾವ ಬಣ್ಣವನ್ನು ಫಿಲ್ಮು ಎಷ್ಟು ಹೀರುತ್ತದೆ ಎಂಬ ನನ್ನ ಮೊದಲ ಗ್ರಾಫು ಅಸಹ್ಯವಾಗಿತ್ತು. 1.2 ಎಲೆಕ್ಟ್ರಾನ್‌ವೋಲ್ಟಿನ ಕೆಳಗೆ, ಅಂದರೆ ಸುಮಾರು 1030 ನ್ಯಾನೊಮೀಟರಿನಾಚೆಯ ಇನ್ಫ್ರಾರೆಡ್ಡಿನಲ್ಲಿ, ಇಳಿಯಬೇಕಾದ ಗ್ರಾಫಿನ ಬಾಲ ಮೇಲೆದ್ದಿತ್ತು. ಫಿಲ್ಮೇ ಸರಿಯಿಲ್ಲ ಎಂದು ಬೆಳೆಸಿಕೊಟ್ಟ ಗೆಳೆಯನ ಮೇಲೆ ಹಾಕಿದೆ. ಆಮೇಲೆ ಬೆಳಕಿನ ಮೇಲೆ ಅನುಮಾನ ಬಂತು. 1977ರಲ್ಲಿ ಸ್ಟೇಬ್ಲರ್ ಮತ್ತು ರಾನ್ಸ್ಕಿ ತೋರಿಸಿದಂತೆ, ಈ ಫಿಲ್ಮಿನಲ್ಲಿ ಬೆಳಕೇ ಹೊಸ ಡಿಫೆಕ್ಟು ಹುಟ್ಟಿಸುತ್ತದೆ. ಅವು ಮಾಯಲೆಂದು ಫಿಲ್ಮನ್ನು ಕತ್ತಲಲ್ಲಿ 150 ಡಿಗ್ರಿಗೆ ಕಾಯಿಸಿದೆ. ಬಾಲ ಹಾಗೇ ಇತ್ತು.

ಮೂರನೇ ವಾರ 1100 ನ್ಯಾನೊಮೀಟರಿನಲ್ಲಿ ನಿಲ್ಲಿಸಿ, ದಾರಿಗೆ ಅಡ್ಡ ಒಂದು ಕೆಂಪು ಗಾಜು ಹಿಡಿದೆ. ಇನ್ಫ್ರಾರೆಡ್ ಅದರಲ್ಲಿ ಆರಾಮಾಗಿ ದಾಟುತ್ತದೆ, ಕರೆಂಟು ಹತ್ತು ಪರ್ಸೆಂಟ್ ಇಳಿದರೆ ಜಾಸ್ತಿ. ಇಳಿದು ನಿಂತದ್ದು ಕಾಲು ಭಾಗಕ್ಕೆ! ಮೊನೊಕ್ರೊಮೇಟರಿನೊಳಗೆ ಬಣ್ಣ ಬೇರ್ಪಡಿಸುವ ಗ್ರೇಟಿಂಗು 1100ರ ಜೊತೆಗೆ ಅದರ ಅರ್ಧ, 550ರ ಹಸಿರನ್ನೂ ಅದೇ ಕೋನದಲ್ಲಿ ಕಳಿಸುತ್ತದೆ. ಕೆಂಪು ಗಾಜು ತಡೆದದ್ದು ಆ ಹಸಿರನ್ನೇ. ಹಸಿರನ್ನು ಫಿಲ್ಮು ಬಹುಪಾಲು ನುಂಗಿಬಿಡುತ್ತದೆ. ಹಾಗಾಗಿ ಹತ್ತು ಸಾವಿರ ಫೋಟಾನಿಗೆ ಒಂದೇ ಒಂದು ಹಸಿರು ನುಸುಳಿದರೂ ಕರೆಂಟು ಇಮ್ಮಡಿಯಾಗುತ್ತದೆ. ತಡೆಯಲೆಂದೇ ಫಿಲ್ಟರ್ ಚಕ್ರ ಇತ್ತು, ಆದರೆ ಅದು ಅರ್ಧ ಹಲ್ಲು ಆಚೆ ನಿಂತಿತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು. ಕಣ್ಣಿಟ್ಟು ನೋಡಿದರೂ ಕಂಡಿರಲಿಲ್ಲ.

ಚಕ್ರ ಸರಿಸಿ ಮತ್ತೆ ಅಳೆದೆ, ಬಾಲ ಇಳಿಯಿತು. ಗೆಳೆಯನಿಗೆ ಒಂದು ಊಟ ಕೊಡಿಸಬೇಕಾಯಿತು. ಈಗ ಪ್ರತಿ ಸ್ಯಾಂಪಲಿಗೂ ಮೊದಲು 1100ರಲ್ಲಿ ಕೆಂಪು ಗಾಜು ಹಿಡಿದು ಅಂಕಿ ಬರೆದುಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ.