ಬರೆಯೋರಿಗೆ ಏನು ಗಿಫ್ಟ್ ಕೊಡೋದು ಅಂತ ಡಿಟಿಪಿ ಅಂಗಡಿಯವನನ್ನ ಕೇಳಿದ್ರೆ

ತುಮಕೂರಲ್ಲಿ ನಂದೊಂದು ಡಿಟಿಪಿ-ಝೆರಾಕ್ಸ್ ಅಂಗಡಿ ಇದೆ, 14 ವರ್ಷ ಆಯ್ತು. ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಹೊಟ್ಟೆ ತುಂಬೋದು ಇವುಗಳಿಂದ. ಆದ್ರೆ ತಿಂಗಳಿಗೆ ಮೂರ್ನಾಲ್ಕು ಜನ ಬಟ್ಟೆ ಬ್ಯಾಗಲ್ಲಿ ಕೈಬರಹದ ಕಂತೆ ಇಟ್ಕೊಂಡು ಬರ್ತಾರೆ ನೋಡಿ, ಕವನ, ಕಥೆ, ಆತ್ಮಕಥೆ, ಒಬ್ರಂತೂ ಅವ್ರ ಊರಿನ ಕೆರೆ ಮೇಲೇನೇ 200 ಪುಟ ಬರ್ಕೊಂಡು ಬಂದಿದ್ರು. ಅದನ್ನೆಲ್ಲ ಓದಿ ಓದಿ ಟೈಪ್ ಮಾಡಿ ನಂಗೊಂದು ವಿದ್ಯೆ ಹತ್ಬಿಟ್ಟಿದೆ, ಹಾಳೆ ಕೈಗೆ ಬಂದ್ರೆ ಸಾಕು, ಇವ್ರು ಮೇಜಿನ ಮೇಲೆ ಬರೀತಾರಾ ತೊಡೆ ಮೇಲಾ, ಒತ್ತಿ ಬರೀತಾರಾ ತೇಲಿಸಿ ಬರೀತಾರಾ, ಎಷ್ಟನೇ ಪುಟಕ್ಕೆ ಕೈ ನೋಯೋಕೆ ಶುರುವಾಯ್ತು, ಎಲ್ಲ ಹೇಳ್ತೀನಿ. ಇದು ಹೇಗೋ ಗೊತ್ತಾಗಿ "ಅಣ್ಣಾ, ನಮ್ಮಪ್ಪಾಜಿ ಬರೀತಾರೆ, ರಿಟೈರ್ಮೆಂಟಿಗೆ ಏನ್ ಕೊಡ್ಲಿ" ಅಂತ ಕೇಳೋರು ಜಾಸ್ತಿಯಾಗಿದ್ದಾರೆ. ನಾನು ಕೊಟ್ಟಿದ್ದು, ಕೊಟ್ಟು ಕೆಟ್ಟಿದ್ದು ಎಲ್ಲಾ ಒಂದು ಕಡೆ ಬರೆದಿಡೋಣ ಅಂತ ಕೂತೆ.

ಮೊದಲನೇ ಸಲ ಕೊಟ್ಟಿದ್ದು ನಮ್ಮ ಸೋದರಮಾವನಿಗೆ. ಗುಬ್ಬಿ ಹತ್ರ ಹಳ್ಳಿ, ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರಾದೋರು, ಊರಿನ ಜನರ ಕಥೆಗಳನ್ನ ಬರೀತಾರೆ. ಬೆಂಗಳೂರಿಗೆ ಹೋದಾಗ 900 ರೂಪಾಯಿ ಕೊಟ್ಟು ಲೆದರ್ ರಟ್ಟಿನ ಒಂದು ಡೈರಿ ತಂದ್ಕೊಟ್ಟೆ, ದಾರ ಕಟ್ಟೋ ಥರದ್ದು, ಮೂಸಿದ್ರೆ ಹೊಸ ಚಪ್ಪಲಿ ವಾಸನೆ. ಎರಡು ವರ್ಷ ಬಿಟ್ಟು ಏನೋ ಪತ್ರ ಹುಡುಕೋಕೆ ಅವ್ರ ಬೀರು ತೆಗೀತೀನಿ, ಡೈರಿ ಪ್ಲಾಸ್ಟಿಕ್ ಕವರ್ ಸಮೇತ ಹಂಗೇ ಕೂತಿದೆ. ಯಾಕ್ ಮಾವ ಅಂದ್ರೆ, "ಅಷ್ಟು ಚಂದದ ಬುಕ್ಕಲ್ಲಿ ಏನ್ ಬರೀಲಿ ಕಣಪ್ಪಾ, ಕೈ ಬರಲ್ಲ. ತಪ್ಪು ಬರೆದ್ರೆ ಹರಿಯೋಕೂ ಮನಸಾಗಲ್ಲ" ಅಂದ್ರು. ಹಾಗಾದ್ರೆ ಬರೀತಿದ್ದಿದ್ದು ಯಾವುದ್ರಲ್ಲಿ ಅಂತ ನೋಡಿದ್ರೆ ಕ್ಯಾಲೆಂಡರ್ ಹಾಳೆ ಹಿಂದೆ, ತಿಪಟೂರಿನ ಕೊಬ್ಬರಿ ಮಂಡಿ ಬಿಲ್ಲಿನ ಹಿಂದೆ, ನಾನೇ ಪ್ರಿಂಟ್ ಹಾಕಿಕೊಟ್ಟಿದ್ದ ಮದುವೆ ಕಾರ್ಡಿನ ಒಳಗಡೆ ಬಿಳಿ ಜಾಗದಲ್ಲಿ. ಒಂದು ಕಥೆಯಂತೂ ಮೂರು ಕ್ಯಾಲೆಂಡರ್ ತಿಂಗಳು ದಾಟಿತ್ತು.

ತಾರೀಕು ಹಾಕಿರೋ ಡೈರಿ ಇನ್ನೂ ಕಷ್ಟ. ಜನವರಿ 9ರ ಹೊತ್ತಿಗೆ ಒಂದು ಪುಟ ಖಾಲಿ ಬೀಳುತ್ತೆ, ಆಮೇಲೆ ಆ ಖಾಲಿ ಪುಟಗಳು ಹೋಮ್‌ವರ್ಕ್ ಬಾಕಿ ಇರೋ ಥರ ದುರುಗುಟ್ಟಿ ನೋಡ್ತಾ ಇರ್ತವೆ, ಮಾರ್ಚಿಗೆಲ್ಲ ಅದ್ರಲ್ಲಿ ಹಾಲಿನ ಲೆಕ್ಕ ಶುರು. ಎಷ್ಟು ಮನೇಲಿ ನೋಡಿದೀನಿ ಬಿಡಿ.

ಇನ್ನು ಪೆನ್ನು, ಎಲ್ರೂ ಮೊದ್ಲು ಕೈ ಹಾಕೋದು ಅಲ್ಲಿಗೇ. ಎಂ.ಜಿ. ರೋಡಿಗೆ ಹೋಗಿ ಚಿನ್ನದ ಬಣ್ಣದ ಪೆನ್ನು, ವೆಲ್ವೆಟ್ ಬಾಕ್ಸು, ಮೇಲೆ ಹೆಸರು ಕೆತ್ತಿಸ್ಕೊಂಡು ಬರ್ತಾರೆ. ಜೇಬಿಗೆ ಚಂದ, ಸೈನ್ ಹಾಕೋಕೆ ಚಂದ. ಆದ್ರೆ ಕನ್ನಡದಲ್ಲಿ ಪುಟಗಟ್ಟಲೆ ಬರೆಯೋರಿಗೆ ನೋಡ್ಬೇಕಾಗಿರೋದು ಮೊನೆ ಒಂದೇ. ನಮ್ಮ ಅಕ್ಷರ ಎಲ್ಲಾ ಗುಂಡು, ಹೊಟ್ಟೆ ಒಳಗೆ ಚುಕ್ಕಿ, ಕೆಳಗೆ ಸೀಳು, ಅದ್ರ ಕೆಳಗೆ ಒತ್ತು, ದಪ್ಪ ಮೊನೆಯಲ್ಲಿ ಬರೆದ್ರೆ ಎಲ್ಲಾ ಮುಚ್ಚೋಗುತ್ತೆ. ಒಬ್ರು ಮೇಡಂ ಕವನ ತಂದಿದ್ರು, ಮಗ ಫಾರಿನ್ನಿಂದ ತಂದ್ಕೊಟ್ಟಿದ್ದ ಇಂಕ್ ಪೆನ್ನಲ್ಲಿ ಬರೆದಿದ್ದು, ನಿಬ್ಬು ದಪ್ಪ. ಥ ಒಳಗಿನ ಚುಕ್ಕಿ ಇಂಕಲ್ಲಿ ತುಂಬೋಗಿ ಧ ಆಗಿತ್ತು, ನಾನು "ಬದುಕಿನ ಅರ್ಥ ಹುಡುಕುತ್ತ" ಅನ್ನೋದನ್ನ "ಬದುಕಿನ ಅರ್ಧ ಹುಡುಕುತ್ತ" ಅಂತ ಟೈಪ್ ಮಾಡಿದೆ. ಪ್ರೂಫ್ ನೋಡಿ ಬೈತಾರೆ ಅಂದ್ಕೊಂಡ್ರೆ ಸ್ವಲ್ಪ ಹೊತ್ತು ಸುಮ್ನೆ ಇದ್ದು "ಇರ್ಲಿ ಬಿಡಿ, ಇದೇ ಚೆನ್ನಾಗಿದೆ" ಅಂದ್ರು. ಪುಸ್ತಕದಲ್ಲೂ ಹಾಗೇ ಇದೆ. ಎಲ್ಲಾ ಸಲ ಇಂಥ ಅದೃಷ್ಟ ಇರಲ್ಲ.

ಅದಕ್ಕೆ ನಾನು ಅಂಗಡಿಲಿ ಪೆನ್ನು ಟೆಸ್ಟ್ ಮಾಡೋವಾಗ ಸೈನ್ ಹಾಕಲ್ಲ, ಸುರುಳಿ ಸುತ್ತಲ್ಲ, "ರಾಷ್ಟ್ರ" ಅಂತ ನಾಲ್ಕು ಸಲ ಬೇಗ ಬೇಗ ಬರೀತೀನಿ. ಷ ಕೆಳಗಿನ ಟ ಒತ್ತಿನ ಹೊಟ್ಟೆ ಬಿಳೀಯಾಗಿ ಉಳಿದ್ರೆ ಆ ಪೆನ್ನು ಕನ್ನಡಕ್ಕೆ ಆಗುತ್ತೆ, ತುಂಬ್ಕೊಂಡ್ರೆ ವಾಪಸ್ ಇಡಿ. ಅಂಗಡಿಯವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ಇನ್ನೊಂದು, ಬರೆದಿರೋ ಹಾಳೆ ಹಿಂದೆ ಬೆರಳಾಡಿಸಿ. ಉಬ್ಬುಬ್ಬಾಗಿ ಕೈಗೆ ಸಿಕ್ಕಿದ್ರೆ ಅವ್ರು ಬಾಲ್ ಪೆನ್ನನ್ನ ಒತ್ತಿ ಬರೀತಾರೆ ಅಂತ, ವಯಸ್ಸಾದವ್ರಾದ್ರೆ ಸಂಜೆಗೆ ಹೆಬ್ಬೆರಳ ಬುಡ ಹಿಡ್ಕೊಂಡಿರುತ್ತೆ. ಅಂಥೋರಿಗೆ 0.5 ಮಿಲಿಮೀಟರ್ ಮೊನೆಯ ಜೆಲ್ ಪೆನ್ನು ಒಳ್ಳೇದು, ಒತ್ತೋದೇ ಬೇಡ, ತಾಗಿಸಿದ್ರೆ ಇಂಕ್ ಹರಿಯುತ್ತೆ. ಆದ್ರೆ ಜೆಲ್ ಬೇಗ ಖಾಲಿಯಾಗುತ್ತೆ, ಹಳ್ಳಿಲಿ ಅದೇ ರಿಫಿಲ್ ಸಿಗಲ್ಲ, ಹಂಗಾಗಿ ಒಂದು ದುಬಾರಿ ಪೆನ್ನಿನ ಬದಲು ಸಾದಾ ಪೆನ್ನು ಒಂದು ಡಜನ್ ಕೊಡಿ. ಮಾವನಿಗೆ ಹಾಗೇ ಕೊಟ್ಟೆ, ಬಾಕ್ಸ್ ಇಲ್ಲ ರಿಬ್ಬನ್ ಇಲ್ಲ, ರಬ್ಬರ್ ಬ್ಯಾಂಡ್ ಹಾಕಿ. ಆ ಡೈರಿಗೆ ಹೇಳದ ಥ್ಯಾಂಕ್ಸು ಇದಕ್ಕೆ ಹೇಳಿದ್ರು. ಇಂಕ್ ಪೆನ್ನು ಕೊಡೋದಾದ್ರೆ ದಿನಾ ಬರೆಯೋರಿಗೆ ಮಾತ್ರ ಕೊಡಿ, ಎರಡು ವಾರ ಮುಚ್ಚಿಟ್ರೆ ನಿಬ್ಬಲ್ಲಿ ಇಂಕ್ ಒಣಗಿ ಕೂರುತ್ತೆ, ಬರೀ ನೀರಲ್ಲಿ ಇಡೀ ರಾತ್ರಿ ನೆನೆಹಾಕಿ ತೊಳಿಬೇಕು, ಎಲ್ಲರಿಗೂ ಆ ತಾಳ್ಮೆ ಇರಲ್ಲ. ಮತ್ತೆ ತೆಳು ನೋಟ್‌ಬುಕ್ಕಲ್ಲಿ ಇಂಕು ಹರಡಿ ಹಿಂದಿನ ಪುಟಕ್ಕೆ ಇಣುಕುತ್ತೆ, ಪೆನ್ನು ಹಾಳೆ ಎರಡೂ ಜೊತೇಲೇ ನೋಡಿ ತಗೋಬೇಕು.

ಹಾಳೆ ಅಂದ ತಕ್ಷಣ ನನ್ನ ಹೆಮ್ಮೆಯ ಐಟಂಗೆ ಬರ್ತೀನಿ.

ಆನ್‌ಲೈನಲ್ಲಿ ಸಿಗೋ ಚಂದದ ಫಾರಿನ್ ನೋಟ್‌ಬುಕ್ಕುಗಳಲ್ಲಿ ಗೆರೆ ಗೆರೆ ಮಧ್ಯ ಆರೋ ಏಳೋ ಮಿಲಿಮೀಟರ್ ಇರುತ್ತೆ. ಇಂಗ್ಲಿಷ್‌ಗೆ ಧಾರಾಳ. ಕನ್ನಡಕ್ಕೆ? ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತ್ಕೊಳ್ಳುತ್ತೆ. ಬರೆಯೋರು ಒಂದು ಸಾಲು ಬಿಟ್ಟು ಒಂದು ಸಾಲು ಬರೀತಾರೆ, ಅರ್ಧ ಬುಕ್ಕು ದಂಡ. ಹಂಗಾಗಿ ನಾನೇ ಒಂದು ಪ್ಯಾಡ್ ಮಾಡೋಕೆ ಶುರು ಮಾಡಿದೆ. ಪಕ್ಕದ ಆಫ್‌ಸೆಟ್ ಪ್ರೆಸ್ಸಲ್ಲಿ ಪುಸ್ತಕದ ಒಳಪುಟಕ್ಕೆ ಹಾಕೋ ನ್ಯಾಚುರಲ್ ಶೇಡ್ ಮ್ಯಾಪ್ಲಿತೋ ಕಾಗದ, 80 ಜಿಎಸ್ಎಂದು, ಅಂದ್ರೆ ಚದರ ಮೀಟರಿಗೆ 80 ಗ್ರಾಂ ತೂಗೋದು, ಎ4 ಸೈಜಿಗೆ ಕಟ್ ಮಾಡಿಸ್ಕೊಂಡೆ. ಈ ಹಾಳೆ ತುಸು ಹಳದಿ, ಟ್ಯೂಬ್‌ಲೈಟಲ್ಲಿ ಕಣ್ಣಿಗೆ ಹೊಡಿಯಲ್ಲ. ಕಂಪ್ಯೂಟರಲ್ಲಿ 10 ಮಿಲಿಮೀಟರಿಗೊಂದು ಗೆರೆ, ಮೇಲೆ ಮೂರು ಸೆಂಟಿಮೀಟರ್ ಖಾಲಿ, ಪುಟಕ್ಕೆ 25 ಸಾಲು. ಗೆರೆ ಕಪ್ಪು ಬೇಡ, 20 ಪರ್ಸೆಂಟ್ ಬೂದಿ ಬಣ್ಣ ಸಾಕು, ಬರೆಯೋವಾಗ ಕಾಣ್ಬೇಕು, ಬರೆದ ಮೇಲೆ ಕಾಣ್ಬಾರ್ದು. ಎಡಗಡೆ ದೊಡ್ಡ ಮಾರ್ಜಿನ್, ಯಾಕಂದ್ರೆ ಬರೆಯೋರ ಅಸಲಿ ಬರವಣಿಗೆ ಎಷ್ಟೋ ಸಲ ಮಾರ್ಜಿನ್ನಲ್ಲೇ ಇರುತ್ತೆ, ಬಾಣ ಹಾಕಿ, ಸುತ್ತು ಹಾಕಿ. ಒಂದೇ ಮಗ್ಗುಲು ಪ್ರಿಂಟು, ಪತ್ರಿಕೆಯವ್ರು ಮುಂಚೆಯಿಂದ ಕೇಳ್ತಿದ್ದಿದ್ದೇ ಹಾಳೆಯ ಒಂದೇ ಮಗ್ಗುಲಲ್ಲಿ ಬರೀರಿ ಅಂತ, ಟೈಪ್ ಮಾಡೋ ನಮ್ಮಂಥೋರಿಗೂ ಅದೇ ಸುಖ. 80 ಹಾಳೆ ಜೋಡಿಸಿ, ಮೇಲಿನ ಅಂಚಿಗೆ ಬೈಂಡರ್ ಹತ್ರ ಗಮ್ ಹಚ್ಚಿಸಿ, ಹಿಂದೆ ಬೂದು ರಟ್ಟು. ಒಂದು ಪ್ಯಾಡಿಗೆ ನಂಗೆ ನೂರು ರೂಪಾಯಿ ಒಳಗೇ ಬೀಳುತ್ತೆ. ಬೇಡ ಅಂದ್ರೆ ಟರ್ರಂತ ಹರಿಬಹುದು, ಅದೇ ಅದರ ಗುಣ.

ಮಾವ ಇದನ್ನ ಹಳೇ ಪರೀಕ್ಷೆ ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸ್ಕೊಂಡು ಜಗಲಿ ಮೇಲೆ ಕೂತು ಬರೀತಾರೆ. ಕೊಬ್ಬರಿ ಬಿಲ್ಲು ಈಗ ಬಿಲ್ಲಾಗಿಯೇ ಉಳಿದಿದೆ.

ಸಣ್ಣಪುಟ್ಟವು ಬೇಗ ಹೇಳ್ಬಿಡ್ತೀನಿ. ಹಳ್ಳಿಯವ್ರಿಗೆ ಚಾರ್ಜಬಲ್ ಲೈಟು, ಕರೆಂಟ್ ಹೋಗೋದೂ ಬರವಣಿಗೆ ಬರೋದೂ ಒಂದೇ ಟೈಮು. ಪತ್ರ ಬರೆಯೋ ಹಳಬರಿಗೆ 50 ಪೋಸ್ಟ್ ಕಾರ್ಡು, ಒಂದಕ್ಕೆ 50 ಪೈಸೆ, ಒಟ್ಟು 25 ರೂಪಾಯಿ, ಇಷ್ಟು ಅಗ್ಗದ ಗಿಫ್ಟು ಇಷ್ಟು ಖುಷಿ ಕೊಟ್ಟಿದ್ದು ನಾನು ನೋಡಿಲ್ಲ. ಕಾಗುಣಿತದಲ್ಲಿ ಅನುಮಾನ ಪಡೋರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು, ದೊಡ್ಡದು ಎಂಟು ಸಂಪುಟ ಇದೆ, ಅದನ್ನ ಕೊಟ್ರೆ ಜೊತೆಗೆ ಬೀರೂ ಕೊಡ್ಬೇಕು. ನವಿಲುಗರಿ ಪೆನ್ನು, "ರೈಟರ್" ಅಂತ ಬರೆದಿರೋ ಕಾಫಿ ಮಗ್ಗು ಬೇಡ್ವೇ ಬೇಡ.

ಕಂಪ್ಯೂಟರಲ್ಲಿ ಬರೆಯೋರಿಗೆ ಕೊಡೋವಾಗ ಕೇಳಿ ಕೊಡಿ. ಒಬ್ಬ ಹುಡುಗ ಅವ್ರಪ್ಪನಿಗೆ ಕೀಬೋರ್ಡಿಗೆ ಅಂಟಿಸೋ ಕನ್ನಡ ಸ್ಟಿಕ್ಕರ್ ತರಿಸಿದ್ದ, ಅಪ್ಪ ಕಲಿತಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ, ಅಂದ್ರೆ ಕೆ.ಪಿ. ರಾವ್ ಅವ್ರ ಕೀ ವಿನ್ಯಾಸ, ಎಂ ಒತ್ತಿದ್ರೆ ಮ. ಸ್ಟಿಕ್ಕರ್ ಇನ್‌ಸ್ಕ್ರಿಪ್ಟ್‌ ಅನ್ನೋ ಬೇರೆ ವಿನ್ಯಾಸದ್ದು, ಎಂ ಮೇಲೆ ಸ ಅಂತಿದೆ. ಪಾಪ ಅವ್ರು ಬೆರಳು ಹೇಳೋದನ್ನ ನಂಬ್ಬೇಕಾ ಕಣ್ಣು ಹೇಳೋದನ್ನ ನಂಬ್ಬೇಕಾ ಗೊತ್ತಾಗದೆ ಒಂದು ವಾರ ಒದ್ದಾಡಿ ಕೀಬೋರ್ಡನ್ನ ನನ್ನ ಅಂಗಡಿಗೆ ತಂದ್ರು, ನಾನು ಸೀಮೆಎಣ್ಣೆ ಹಚ್ಚಿ ಒಂದೊಂದೇ ಕಿತ್ತೆ.

ಈಗ ನಾನು ಮಾಡಿದ ತಪ್ಪು. ಅಕ್ಕನ ಮಗಳು, ಸೆಕೆಂಡ್ ಪಿಯು, ಗುಬ್ಬಿಯಿಂದ ದಿನಾ ಓಡಾಡ್ತಿದ್ಲು, ಬಸ್ಸಲ್ಲಿ ನಿಂತ್ಕೊಂಡೇ ಫೋನಲ್ಲಿ ಕವನ ಬರೆಯೋಳು. ಕಾಲೇಜು ಸ್ಪರ್ಧೆಗೆ ಒಂದು ಕವನ ಪ್ರಿಂಟ್ ಬೇಕು ಅಂತ ವಾಟ್ಸಾಪಲ್ಲಿ ಇಡೀ ಫೈಲ್ ಕಳಿಸಿದ್ಲು, "ಮಾಮ, ಮೂರನೇದು ಮಾತ್ರ ತೆಗೀರಿ" ಅಂತ. ನಾನು ಎಲ್ಲಾ ಓದಿದೆ. 22 ಕವನ, ಚೆನ್ನಾಗಿದ್ವು, ತಲೆಗೆ ಏರಿಬಿಡ್ತು. ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಅಂತ ಪುಸ್ತಕ ಮಾಡಿದೆ. ಎ4 ಮಧ್ಯಕ್ಕೆ ಮಡಚಿ ಸೆಂಟರ್ ಪಿನ್ ಹೊಡೆಯೋದು, ಪುಟ ಯಾವಾಗ್ಲೂ ನಾಲ್ಕರ ಲೆಕ್ಕದಲ್ಲೇ ಬರ್ಬೇಕು, 22 ಕವನ, ಹೆಸರಿನ ಪುಟ, ಹಿಂದೊಂದು ಖಾಲಿ, 24 ಪುಟ ಅಂದ್ರೆ ಆರು ಹಾಳೆ, ಸರಿಯಾಗಿ ಕೂತ್ಕೊಂಡ್ತು. ಮೇಲೆ ತಿಳಿ ನೀಲಿ ರಟ್ಟು. 20 ಪ್ರತಿ ಮಾಡಿ ಕೇಕ್ ಕಟ್ ಮಾಡಿದ ತಕ್ಷಣ ಬಂದೋರಿಗೆಲ್ಲ ಹಂಚಿದೆ.

ಹನ್ನೊಂದನೇ ಪುಟದಲ್ಲಿ ಅವರಮ್ಮನ ಬಗ್ಗೆ ಒಂದಿತ್ತು. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು ಅಳೋ ಅಮ್ಮ. ನಾನು ಟೈಪ್‌ಸೆಟ್ ಮಾಡೋವಾಗ ಸಾಲು ಎಲ್ಲಿ ಮುರೀಬೇಕು ಅಂತ ನೋಡಿದೆನೇ ಹೊರತು ಆ ಅಮ್ಮ ಅಂದ್ರೆ ನಮ್ಮಕ್ಕ ಅನ್ನೋದು ತಲೆಗೇ ಹೋಗ್ಲಿಲ್ಲ. ಅಕ್ಕ ಅಡುಗೆಮನೆ ಬಾಗ್ಲಲ್ಲಿ ನಿಂತು ಓದಿದ್ಲು. ಭಾವ ಓದಿದ್ರು. ಅತ್ತೆಯೋರು ಕನ್ನಡಕ ತರ್ಸಿ ಓದಿದ್ರು. ಕೇಕು ಯಾರೂ ಸರಿಯಾಗಿ ತಿನ್ಲಿಲ್ಲ.

ಮೂರು ತಿಂಗಳು ಆ ಹುಡುಗಿ ನನ್ ಜೊತೆ ಮಾತಾಡ್ಲಿಲ್ಲ. ಯುಗಾದಿ ಮುಗಿದ್ಮೇಲೆ ಒಂದಿನ ಅಂಗಡಿಗೆ ಬಂದು "ಉಳಿದಿರೋ ಪ್ರತಿ ಕೊಡಿ ಮಾಮ, ಫೈಲೂ ಡಿಲೀಟ್ ಮಾಡಿ" ಅಂತ ಎದುರಿಗೇ ನಿಂತು ಮಾಡಿಸಿದ್ಲು, ರಿಸೈಕಲ್ ಬಿನ್ ಕೂಡ. ತಪ್ಪಾಯ್ತು ಕಣಮ್ಮ, ಏನಾದ್ರೂ ಕೇಳು, ಕೊಡಿಸ್ತೀನಿ ಅಂದೆ. ಟ್ಯಾಬ್ ಕೇಳ್ತಾಳೆ ಅಂದ್ಕೊಂಡಿದ್ದೆ. ಹಿಂದುಗಡೆ ರೂಮಿನ ಕಡೆ ನೋಡಿ, "ಭಾನುವಾರ ಅಂಗಡಿ ಮುಚ್ಚಿರುತ್ತಲ್ಲ, ಬೀಗದ ಕೈ ಕೊಡಿ" ಅಂದ್ಲು. ಅವ್ರ ಮನೇಲಿ ಎರಡು ರೂಮು, ಎರಡರಲ್ಲೂ ಟಿವಿ ಸದ್ದು ಕೇಳುತ್ತೆ. ಪೇಪರ್ ರಿಮ್ಮು ಜೋಡಿಸಿಟ್ಟಿದ್ದ ಮೂಲೆ ಖಾಲಿ ಮಾಡಿ ಒಂದು ಟೇಬಲ್ಲು, ಫ್ಯಾನಿನ ಕೆಳಗೆ ಹಾಕ್ಕೊಟ್ಟೆ. ಈಗ ಡಿಗ್ರಿ ಓದ್ತಿದ್ದಾಳೆ, ಭಾನುವಾರ ಬೆಳಿಗ್ಗೆ ಬರ್ತಾಳೆ, ಎರಡು ಗಂಟೆಗೆ ಬೀಗ ಹಾಕಿ ಕೀ ಪಕ್ಕದ ಬೇಕರಿಲಿ ಕೊಟ್ಟು ಹೋಗ್ತಾಳೆ. ಏನ್ ಬರೀತಾಳೆ ಅಂತ ಕೇಳಲ್ಲ. ಸೋಮವಾರ ಅಂಗಡಿ ತೆಗ್ದಾಗ ಟೇಬಲ್ ಮೇಲೆ ರಬ್ಬರ್ ಪುಡಿ ಬಿದ್ದಿರುತ್ತೆ, ಅಂದ್ರೆ ಫೋನ್ ಬಿಟ್ಟು ಪೆನ್ಸಿಲ್ಲಿಗೆ ಬಂದಿದ್ದಾಳೆ ಅಂತ ಆಯ್ತು.

ಮಾವನ ಪ್ಯಾಡು ಈಗ ಎಷ್ಟನೇದೋ ಲೆಕ್ಕ ಇಟ್ಟಿಲ್ಲ. ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಯ್ತು, ಆಮೇಲೆ ಅಕ್ಷರ ದೊಡ್ಡದಾಗಿ ಗೆರೆ ಮೀರ್ತಿತ್ತು. ಕೇಳದೇನೇ ಹೊಸ ಪ್ಯಾಡಲ್ಲಿ ಗೆರೆ ಅಂತರ 12 ಮಿಲಿಮೀಟರ್ ಮಾಡಿ, ಬೂದಿ ಬಣ್ಣ ಇನ್ನೊಂಚೂರು ಗಾಢ ಮಾಡಿ ಕಳಿಸ್ದೆ. ಮೂರನೇ ದಿನಕ್ಕೆ ಫೋನು. "ಏನೋ, ಮೊದ್ಲು ಪುಟಕ್ಕೆ 25 ಸಾಲು ಬರ್ತಿತ್ತು, ಈಗ ಎಣಿಸಿದ್ರೆ 20 ಇದೆ, ಐದು ಸಾಲು ಯಾರಿಗ್ ಕೊಟ್ಟೆ?"