ಕಲಬುರಗಿ ಬಿಸಿಲಲ್ಲಿ ಕಟ್ಟಿಗೆಯ ಸೀಟಿ ಕೊಳಲು

ಅಡ್ಡ ಕೊಳಲು, ಅಂದರೆ ಬಾನ್ಸುರಿ, ನನಗೆ ಒಲಿಯಲಿಲ್ಲ. ಎರಡು ವರ್ಷ ಊದಿದೆ. ಸ್ವರಕ್ಕಿಂತ ಬರೀ ಗಾಳಿ ಬಂದದ್ದೇ ಜಾಸ್ತಿ. ತುಟಿಯನ್ನು ತೂತಿನ ಅಂಚಿಗೆ ಸರಿಯಾಗಿ ಹಿಡಿಯುವುದು ಸಣ್ಣವರಿದ್ದಾಗಲೇ ಕಲಿಯುವ ಕೆಲಸವೋ ಏನೋ, ನಾನು ಶುರು ಮಾಡಿದ್ದು 46ನೇ ವಯಸ್ಸಿಗೆ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ದಿನವಿಡೀ ತೊಗರಿ ಧೂಳಿನಲ್ಲಿದ್ದು, ಸಂಜೆ ಮನೆಗೆ ಬಂದು ಅರ್ಧ ಗಂಟೆ ‘ಫೂ ಫೂ’ ಅಂತ ಕೂತರೆ ಮನೆಯವರಿಗೂ ಬೇಜಾರು, ನನಗೂ ತಲೆಸುತ್ತು.

ಒಂದು ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಅಣ್ಣನ ಮಗನಿಗೆ ಬಿದಿರಿನ ಪೀಪಿ ಕೊಡಿಸಿದೆ. ತುದಿಯನ್ನು ಬಾಯಲ್ಲಿಟ್ಟು ಊದುವಂಥದ್ದು, ಆರು ತೂತು, ಅಂದರೆ ಸೀಟಿ ಕೊಳಲು. ಹುಡುಗ ಎರಡೇ ನಿಮಿಷದಲ್ಲಿ ಸ್ವರ ತೆಗೆದ. ಅವನ ಕೈಯಿಂದ ಇಸಿದುಕೊಂಡು ನಾನೂ ಊದಿದೆ. ಬಂತು! ಎರಡು ವರ್ಷದಲ್ಲಿ ಬಾರದ್ದು ಒಂದೇ ಉಸಿರಿಗೆ ಬಂತು.

ಅದರೊಳಗಿನ ಗುಟ್ಟು ಸರಳ. ಬಾಯಿಗಿಡುವ ತುದಿಯಲ್ಲಿ ಒಂದು ಬೆಣೆ ತುರುಕಿರುತ್ತಾರೆ. ಬೆಣೆಯ ಮೇಲೆ ತೆಳ್ಳಗಿನ ಸಂದು ಬಿಟ್ಟಿರುತ್ತಾರೆ. ನಾವು ಊದಿದ ಗಾಳಿ ಆ ಸಂದಿನಲ್ಲಿ ಪಟ್ಟಿಯಾಗಿ ಹೋಗಿ, ಮುಂದಿನ ಕಂಡಿಯಲ್ಲಿರುವ ಚೂಪಾದ ಅಲಗಿಗೆ ಬಡಿಯುತ್ತದೆ. ಅಲ್ಲಿ ಸದ್ದು ಹುಟ್ಟುತ್ತದೆ. ಅಡ್ಡ ಕೊಳಲಿನಲ್ಲಿ ತುಟಿ ಮಾಡುವ ಕೆಲಸವನ್ನು ಇಲ್ಲಿ ಬಡಗಿ ಮೊದಲೇ ಮಾಡಿಟ್ಟಿರುತ್ತಾನೆ. ಹಾಗಾಗಿ ಸೀಟಿ ಕೊಳಲು ಕೊಳ್ಳುವಾಗ ನಾವು ಕೊಳ್ಳುವುದು ಕಟ್ಟಿಗೆಯನ್ನಲ್ಲ, ಆ ಸಂದು ಮತ್ತು ಅಲಗನ್ನು. ಇದು ನನಗೆ ತಿಳಿಯಲು 2,200 ರೂಪಾಯಿ ಖರ್ಚಾಯಿತು.

ಜಾತ್ರೆಯ ಪೀಪಿಯ ತೊಂದರೆ ಅಂದರೆ ತೂತುಗಳು ಸುಮ್ನೆ ಸಮ ದೂರಕ್ಕೆ ಕೊರೆದವು. ಗೆಳೆಯನ ಹಾರ್ಮೋನಿಯಂ ಜೊತೆ ಹಿಡಿದರೆ ಗ ಒಂದು ಕಡೆ, ನಿ ಒಂದು ಕಡೆ. ಮಕ್ಕಳಿಗೆ ಸಾಕು, ಹಾಡಿಗೆ ಆಗದು. ಹುಡುಕುತ್ತಾ ಹೋದಾಗ ಐರ್ಲೆಂಡಿನ ಜನಪದ ಸಂಗೀತದಲ್ಲಿ ನುಡಿಸುವ ಆರು ತೂತಿನ ಸೀಟಿ ಕಣ್ಣಿಗೆ ಬಿತ್ತು. ಅಗ್ಗದ್ದು ತಗಡಿನದು. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡು ಸುರುಳಿ ಮಾಡಿ ತಯಾರಿಸಲು ಶುರು ಮಾಡಿದ್ದಂತೆ, ಅದರಲ್ಲೂ ಬೆಣೆ ಮಾತ್ರ ಕಟ್ಟಿಗೆಯದು. ಪೂರ್ತಿ ಕಟ್ಟಿಗೆಯಲ್ಲಿ ಕಡೆದದ್ದು ದುಬಾರಿ, ಆದರೆ ದನಿ ಮೆತ್ತಗೆ.

ಮೊದಲನೆಯದನ್ನು ಫೋಟೋ ನೋಡಿ ತರಿಸಿದೆ. ಕಪ್ಪು ಬಣ್ಣ, ಕನ್ನಡಿಯಂಥ ಪಾಲಿಶ್, ಎರಡು ಹಿತ್ತಾಳೆ ಬಳೆ. ಮದುವೆ ಮನೆಗೆ ಹೊರಟಂತಿತ್ತು. ಊದಿದರೆ ಕೆಳಗಿನ ಸ್ವರ ನಿಲ್ಲುತ್ತಲೇ ಇರಲಿಲ್ಲ, ಸ್ವಲ್ಪ ಉಸಿರು ಹೆಚ್ಚಾದರೆ ಮೇಲಿನ ಸಪ್ತಕಕ್ಕೆ ಹಾರುತ್ತಿತ್ತು. ತಪ್ಪು ನನ್ನದೇ ಅಂದುಕೊಂಡು ನಾಲ್ಕು ತಿಂಗಳು ಹೆಣಗಾಡಿದೆ. ಬಂದ ದಿನವೇ ಒಂದು ಗಂಟೆ ಊದಿದ್ದೆ. ಆಮೇಲೂ ಊದಿದ್ದೇ ಊದಿದ್ದು, ಊದಿ ಕೂಲರ್ ಗಾಳಿಗೆ ಒಣಗಲು ಇಡುವುದು. ಏಪ್ರಿಲ್ ಕೊನೆಗೆ ನೋಡುತ್ತೇನೆ, ಕಂಡಿಯಿಂದ ಎರಡನೇ ತೂತಿನವರೆಗೆ ಕೂದಲೆಳೆಯಂಥ ಸೀಳು. ಮಾರಿದವರಿಗೆ ಫೋನ್ ಮಾಡಿದರೆ ‘ನಿಮ್ಮ ಊರಿನ ಹವಾ’ ಅಂದರು. ಸಿಟ್ಟು ಬಂತು. ಅರ್ಧ ಸತ್ಯ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಓಣಿಯ ಹತ್ತಿರ ಮಂಚದ ಕಾಲು, ಲಟ್ಟಣಿಗೆ ಕಡೆಯುವ ಒಬ್ಬ ಚಾಚಾ ಇದ್ದಾರೆ. ಅವರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ನಕ್ಕರು. “ಒಳಗ ನೀರು, ಹೊರಗ ಬಿಸಿಲು. ಕಟ್ಟಿಗಿ ಏನ್ ಮಾಡ್ಬೇಕ್ರಿ ಸಾಹೇಬ್ರ?” ಅಷ್ಟೇ ವಿಷಯ. ಉಸಿರಿನ ತೇವಕ್ಕೆ ಒಳಮೈ ಉಬ್ಬುತ್ತದೆ. ಹೊರಮೈ ನಮ್ಮ ಒಣ ಗಾಳಿಗೆ ಬಿಗಿದುಕೊಂಡಿರುತ್ತದೆ. ಎರಡರ ಜಗ್ಗಾಟದಲ್ಲಿ ಎಳೆ ಬಿಡುತ್ತದೆ. ಅವರೇ ಸೀಳಿಗೆ ಫೆವಿಕ್ವಿಕ್ ಇಳಿಸಿ, ಮೇಣ ಹಚ್ಚಿದ ದಾರ ಬಿಗಿಯಾಗಿ ಸುತ್ತಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಒಂದು ಹಾಡು ಊದಿಸಿಕೊಂಡರು. ಊದಿದ್ದು ಕೇಳಿದ ಮೇಲೆ ಇನ್ನೊಂದು ಅಂತ ಕೇಳಲಿಲ್ಲ.

ಮುಂದಿನ ಚಳಿಗಾಲ ಊರಿಗೆ ಕರಕುಶಲ ಮೇಳ ಬಂತು. ಒಂದು ಅಂಗಡಿಯಲ್ಲಿ ಕಟ್ಟಿಗೆಯ ಸೀಟಿ ಕೊಳಲು ಹದಿನೆಂಟು ಇದ್ದವು, ಮಾರುವ ಹುಡುಗನೇ ಕಡೆದವು. ಈ ಸಲ ತಯಾರಾಗಿ ಹೋದೆ. ಫೋನಿನಲ್ಲಿ ತಂಬೂರಿ ಆಪ್, ಸ್ವರ ಅಳೆಯುವ ಟ್ಯೂನರ್ ಆಪ್, ಜೇಬಿನಲ್ಲಿ ಒದ್ದೆ ಬಟ್ಟೆ. ಅವನಿಗೆ ಬೇಜಾರಾಗಿರಬೇಕು, ಒಂದು ತಾಸು ಕಾಡಿದೆ.

ಮೊದಲು ಊದಲಿಲ್ಲ, ನೋಡಿದೆ. ಕೆಳಗಿನ ತುದಿಯಿಂದ ಬೆಳಕಿಗೆ ಹಿಡಿದರೆ ಒಳಮೈ ನುಣ್ಣಗಿರಬೇಕು, ಎಳೆ ಎದ್ದಿರಬಾರದು. ಬಾಯಿಯ ಕಡೆಯಿಂದ ಸಂದಿನೊಳಗೆ ನೋಡಿದರೆ ಅಲಗು ಗೆರೆ ಎಳೆದಂತೆ ನೇರ ಕಾಣಬೇಕು. ಒಂದು ಕಡೆ ವಾರೆ ಇದ್ದರೆ ಗಾಳಿ ಒಡೆದು ಬುಸುಗುಡುತ್ತದೆ. ಈ ನೋಟಕ್ಕೇ ಏಳು ಹೊರಬಿದ್ದವು. ಅವುಗಳಲ್ಲಿ ಅವನ ಅತಿ ದುಬಾರಿಯದೂ ಒಂದು.

ಆಮೇಲೆ ಆರೂ ತೂತು ಮುಚ್ಚಿ, ಬಿಸಿ ಚಹಾ ಆರಿಸುವಷ್ಟು ಮೆಲ್ಲಗೆ ಊದಿದೆ. ನನ್ನ ಮಟ್ಟಿಗೆ ದೊಡ್ಡ ಪರೀಕ್ಷೆ ಇದೇ. ಕೆಳಗಿನ ಎರಡು ಸ್ವರ ಗಟ್ಟಿಯಾಗಿ ನಿಂತರೆ ಅರ್ಧ ಗೆದ್ದಂತೆ. ಅಂಗಡಿಯಲ್ಲಿ ಎಲ್ಲರೂ ಜೋರಾಗಿ ಊದಿ ನೋಡುತ್ತಾರೆ. ಜೋರಾಗಿ ಊದಿದರೆ ಕೆಟ್ಟದ್ದೂ ಚೆನ್ನಾಗಿಯೇ ಕೇಳುತ್ತದೆ. ಮೆಲ್ಲಗೆ ಊದಿದಾಗಲೇ ಬಣ್ಣ ಬಯಲಾಗುವುದು. ಅದೇ ಬೆರಳಲ್ಲಿ ಉಸಿರು ಹೆಚ್ಚಿಸಿದರೆ ಮೇಲಿನ ಸಪ್ತಕ ಬರಬೇಕು, ಅದೂ ಕೆಳಗಿನದಕ್ಕೆ ಸರಿಯಾಗಿ ಜೋಡಿಯಾಗಬೇಕು. ಒಳತೂತು ನೇರ ಕೊಳವೆಯಂತಿದ್ದರೆ ಮೇಲಿನ ಸ್ವರಗಳು ಸ್ವಲ್ಪ ಇಳಿಯುವುದುಂಟು. ಕೆಳಗೆ ಹೋಗುತ್ತಾ ಕಿರಿದಾಗಿ ಕಡೆದಿದ್ದರೆ ಆ ಕೊರತೆ ಕಡಿಮೆ. ಕೊನೆಗೆ ತಂಬೂರಿ ಹಚ್ಚಿ ಪ ಹಿಡಿದೆ. ಸ್ವರ ಅಲುಗಿದರೆ ಕಿವಿಗೇ ತಿಳಿಯುತ್ತದೆ, ಟ್ಯೂನರ್ ಬೇಕಿಲ್ಲ.

ಕಟ್ಟಿಗೆ ಯಾವುದು ಅಂತ ಜನ ಮೊದಲು ಕೇಳುತ್ತಾರೆ. ನಾನು ಕೊನೆಗೆ ಕೇಳಿದೆ. ಶೀಶಮ್ (ಬೀಟೆ ಜಾತಿಯ ಮರ) ಭಾರ, ಗಟ್ಟಿ. ಸಾಗವಾನಿ ಹಗುರ, ಆದರೆ ಎಳೆ ದಪ್ಪ, ಅಲಗಿಗೆ ಅಷ್ಟು ನಯ ಬರುವುದಿಲ್ಲ. ಶೀಶಮ್ ಜಾತಿಯ ಕಟ್ಟಿಗೆ ಕೆಲವರಿಗೆ ತುಟಿ ತುರಿಸುತ್ತದೆ. ಅಂಥವರು ತಗೊಳ್ಳುವ ಮೊದಲು ಐದು ನಿಮಿಷ ತುಟಿಗಿಟ್ಟು ನೋಡುವುದು ಒಳ್ಳೆಯದು. ನನ್ನದು ಶೀಶಮ್. ಪಾಲಿಶ್ ಇಲ್ಲ, ಎಣ್ಣೆ ಮಾತ್ರ. 900 ರೂಪಾಯಿ. ಕಂಡಿಗೂ ಮೊದಲ ತೂತಿಗೂ ನಡುವೆ ಎರಡು ತುಂಡಾಗಿ, ಜಾರುವ ಜೋಡಣೆ ಇದೆ. ಅದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಉದ್ದ ಸುಮಾರು 30 ಸೆಂಟಿಮೀಟರ್. ಆರೂ ತೂತು ಮುಚ್ಚಿದರೆ ಹಾರ್ಮೋನಿಯಂನ ಬಿಳಿ 2, ಅಂದರೆ ಸಪ್ತಕದ ಎರಡನೇ ಬಿಳಿ ಮನೆ (ಕೀಲಿ), ಇಂಗ್ಲಿಷ್‌ನವರ D. ಅದನ್ನೇ ಸಾ ಅಂದುಕೊಂಡು ಕೆಳಗಿನಿಂದ ಒಂದೊಂದೇ ಬೆರಳು ಎತ್ತಿದರೆ ಬಿಲಾವಲ್‌ನ ಏಳೂ ಶುದ್ಧ ಸ್ವರ ತಾನಾಗಿ ಬರುತ್ತವೆ. ಆದರೆ ಸಾ ಕೆಳಗೆ ಏನೂ ಇಲ್ಲ. ನಮ್ಮ ಕಡೆಯ ಹಾಡು ಕೆಳಗಿನ ಪ, ದ, ನಿ ಮುಟ್ಟದೆ ನಡೆಯುವುದೇ ಇಲ್ಲ, ಅಲ್ವಾ? ಅದಕ್ಕೆ ಬಾನ್ಸುರಿಯವರ ಲೆಕ್ಕವನ್ನೇ ಹಿಡಿದೆ. ಮೇಲಿನ ಮೂರು ತೂತು ಮುಚ್ಚಿದರೆ ಸಾ. ಅದು ಬಿಳಿ 5. ಆಗ ಆರೂ ಮುಚ್ಚಿದ್ದು ಕೆಳಗಿನ ಪ ಆಗುತ್ತದೆ. ಒಂದು ಎತ್ತಿದರೆ ದ, ಇನ್ನೊಂದು ಎತ್ತಿದರೆ ನಿ. ಸಾ ದಾಟಿ ರಿ, ಗ. ಎಲ್ಲ ತೆರೆದರೆ ತೀವ್ರ ಮ, ಅಂದರೆ ಅರ್ಧ ಸ್ವರ ಏರಿಸಿದ ಮ.

ಇದರ ಲಾಭ ನೋಡಿ. ಭೂಪಾಲಿ ರಾಗಕ್ಕೆ, ಯಮನ್‌ಗೆ ಒಂದು ಬೆರಳೂ ವಕ್ರ ಹಿಡಿಯಬೇಕಿಲ್ಲ. ದುರ್ಗಾ ರಾಗ ಬೇಕಾದರೆ ಶುದ್ಧ ಮ ಬೇಕು. ಅದಕ್ಕೆ ಮೇಲಿನ ತೂತು ತೆರೆದು, ಅದರ ಕೆಳಗಿನ ಎರಡನ್ನು ಮುಚ್ಚಿದರೆ ಆಯಿತು. ಬಾನ್ಸುರಿಯಲ್ಲಿ ಇದೇ ಸ್ವರಕ್ಕೆ ಅರ್ಧ ತೂತು ಮುಚ್ಚಿ ಒದ್ದಾಡುತ್ತಿದ್ದೆ. ಕೋಮಲ (ಅರ್ಧ ಸ್ವರ ಇಳಿಸಿದ) ಸ್ವರಗಳಿಗೆ ಮಾತ್ರ ಇಲ್ಲೂ ಅರ್ಧ ತೂತೇ ಗತಿ. ಭೈರವಿ ನನಗೆ ಇವತ್ತಿಗೂ ಕೈಗೆ ಹತ್ತಿಲ್ಲ.

ಬೆರಳಿನ ತುದಿಯಿಂದ ಮುಚ್ಚಬಾರದು, ತುದಿಯ ಹಿಂದಿನ ಮೆತ್ತನೆ ಭಾಗದಿಂದ ಮುಚ್ಚಬೇಕು. ಸ್ವರ ಕಿರುಚಿದರೆ ನೂರಕ್ಕೆ ತೊಂಬತ್ತು ಸಲ ಎಲ್ಲೋ ಒಂದು ತೂತು ಸೋರುತ್ತಿರುತ್ತದೆ, ಅದೂ ಹೆಚ್ಚಾಗಿ ಉಂಗುರ ಬೆರಳಿನದು. ಆಗ ಎಲ್ಲ ಬಿಟ್ಟು, ಮೇಲಿನಿಂದ ಒಂದೊಂದೇ ಮುಚ್ಚುತ್ತಾ ಬರುತ್ತೇನೆ. ಎಲ್ಲಿ ಕಿರುಚಿತೋ ಅದೇ ಕಳ್ಳ. ಇನ್ನು ನಾಲಿಗೆ. ಪ್ರತಿ ಸ್ವರಕ್ಕೂ ‘ತು ತು’ ಅಂದರೆ ಬ್ಯಾಂಡಿನವರ ಹಾಗೆ ಕೇಳುತ್ತದೆ. ಸಾಲಿನ ಶುರುವಿಗೆ ಒಂದು ‘ತು’, ಆಮೇಲೆ ಒಂದೇ ಉಸಿರಲ್ಲಿ ಬೆರಳು ನಡೆಯಬೇಕು.

ಮೊದಲ ತಿಂಗಳು ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಊದಿದೆ. ಹೊಸ ಕಟ್ಟಿಗೆಗೆ ತೇವ ನಿಧಾನವಾಗಿ ರೂಢಿಯಾಗಬೇಕು. ಆಮೇಲೆ ಐದೈದು ನಿಮಿಷ ಏರಿಸಿದೆ. ಊದುವ ಮೊದಲು ಐದು ನಿಮಿಷ ಅಂಗಿಯೊಳಗೆ ಇಟ್ಟುಕೊಳ್ಳುತ್ತೇನೆ. ಕೊಳಲು ತಣ್ಣಗಿದ್ದರೆ ಉಸಿರಿನ ಆವಿ ಸಂದಿನಲ್ಲಿ ಹನಿಯಾಗಿ ಕೂತು ಸ್ವರ ಗೊಗ್ಗರಾಗುತ್ತದೆ. ಹಾಗೇನಾದರೂ ಆದರೆ ಕಂಡಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿದರೆ ಹನಿ ಹೊರಬೀಳುತ್ತದೆ. ಬೆರಳು ಅಲಗಿಗೆ ತಾಗಬಾರದು. ಕಡ್ಡಿ ಹಾಕಿ ಕೆದಕಿದರಂತೂ ಕೊಳಲು ಹೋಯಿತು ಅಂತಲೇ ಲೆಕ್ಕ. ಊದಿದ ಮೇಲೆ ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ ಕೆಳಗಿನ ತುದಿಯಿಂದ ಒರೆಸುತ್ತೇನೆ. ಒದ್ದೆ ಇರುವಾಗ ಡಬ್ಬಿಗೆ ಹಾಕುವುದಿಲ್ಲ, ಕೂಲರ್ ಮುಂದೆಯೂ ಇಡುವುದಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಬಾದಾಮಿ ಎಣ್ಣೆ, ತೆಳ್ಳಗೆ, ಒಳಮೈಗೂ ಹೊರಮೈಗೂ. ಬೆಣೆಗೆ ಮತ್ತು ಸಂದಿಗೆ ಹಚ್ಚುವುದಿಲ್ಲ. ಬೆಣೆ ತೇವ ಹೀರಬೇಕು, ಎಣ್ಣೆ ಕುಡಿದರೆ ಹೀರುವುದಿಲ್ಲ. ಕೆಲವರು ಅಗಸೆ ಎಣ್ಣೆ ಹಚ್ಚುತ್ತಾರೆ. ಅದು ಒಣಗಿ ಗಟ್ಟಿಯಾಗುತ್ತದೆ, ಒಳ್ಳೆಯದೇ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದರಲ್ಲೂ ನಮ್ಮ ಮೇ ತಿಂಗಳಲ್ಲಿ. ಬಿಡಿಸಿ, ನೆನೆಸಿ ಬಿಸಾಡಿ. ಮಾರ್ಚ್‌ನಿಂದ ಜೂನ್‌ವರೆಗೆ ನನ್ನ ಕೊಳಲಿನ ವಾಸ ನೀರಿನ ಕೊಡದ ಪಕ್ಕ, ಸ್ಟೀಲ್ ಡಬ್ಬಿಯಲ್ಲಿ. ತೂತು ಮಾಡಿದ ಸೋಪಿನ ಡಬ್ಬಿಯೊಳಗೆ ಒದ್ದೆ ಸ್ಪಂಜಿನ ತುಂಡು ಹಾಕಿ ಜೊತೆಗೆ ಇಡುತ್ತೇನೆ. ಎರಡು ಬೇಸಿಗೆ ದಾಟಿದೆ, ಸೀಳಿಲ್ಲ.

ಈಗ ಆ ಜಾರುವ ಜೋಡಣೆಯ ಮಾತು. ಓಣಿಯ ಭಜನೆಯವರು ಒಮ್ಮೆ ಏಪ್ರಿಲ್ ಸಂಜೆ ಮಾಳಿಗೆಯ ಮೇಲೆ ಕೂತಿದ್ದರು. ಅವರ ಸಾ ಬಿಳಿ 2, ನನ್ನ ಕೊಳಲಿನಲ್ಲಿ ಅದು ಆರೂ ತೂತು ಮುಚ್ಚಿದ ಸ್ವರ. ಮನೆಯಲ್ಲಿ ಚಳಿಗಾಲದಲ್ಲಿ ಕೂದಲಷ್ಟೂ ತಪ್ಪದೆ ಕೂಡುತ್ತಿದ್ದ ಸ್ವರ ಅವತ್ತು ಮೇಲಕ್ಕೆ ಎದ್ದು ನಿಂತಿತ್ತು. ಹಾರ್ಮೋನಿಯಂನವರು ನನ್ನ ಕಡೆ ನೋಡಿದರು. ನಾನು ಕೊಳಲಿನ ಕಡೆ ನೋಡಿದೆ. ಗಾಳಿ ಬಿಸಿಯಾದಷ್ಟೂ ಸದ್ದು ಅದರಲ್ಲಿ ವೇಗವಾಗಿ ಓಡುತ್ತದೆ, ಊದುವ ವಾದ್ಯದ ಸ್ವರ ಏರುತ್ತದೆ. ಹಾರ್ಮೋನಿಯಂನ ಹಿತ್ತಾಳೆ ಪಟ್ಟಿಗೆ ಆ ಚಿಂತೆ ಇಲ್ಲ. ಹಾರ್ಮೋನಿಯಂನ ಕರಿ, ಬಿಳಿ ಸೇರಿ ಎರಡು ಪಕ್ಕದ ಮನೆಗಳ ನಡುವಿನ ಸ್ವರದ ದೂರವನ್ನು 100 ಸೆಂಟ್ ಅಂತ ಹಿಡಿದರೆ, ಒಂದು ಡಿಗ್ರಿಗೆ ಸುಮಾರು 3 ಸೆಂಟ್ ಏರುತ್ತದೆ. 20 ಡಿಗ್ರಿಗೆ ಹೊಂದಿಸಿ ಮಾಡಿದ್ದು 40 ಡಿಗ್ರಿಯಲ್ಲಿ ಅರ್ಧ ಮನೆಗಿಂತ ಸ್ವಲ್ಪ ಹೆಚ್ಚೇ ಮೇಲಿರುತ್ತದೆ. ಬಾಯಿಯ ಗಾಳಿಯೂ ಒಳಗೆ ಬೆರೆಯುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ. ಆದರೂ ಭಜನೆ ಕೆಡಿಸಲು ಸಾಕು.

ಜೋಡಣೆಯನ್ನು 3 ಮಿಲಿಮೀಟರ್ ಎಳೆದೆ. ಕೊಳಲು ಉದ್ದವಾಯಿತು, ಸ್ವರ ಇಳಿದು ಕೂತಿತು. ಅದಕ್ಕಿಂತ ಜಾಸ್ತಿ ಎಳೆದರೆ ತೂತುಗಳ ಲೆಕ್ಕ ತಪ್ಪಿ ಮೇಲಿನ ಸ್ವರಗಳು ಹೆಚ್ಚು ಇಳಿಯುತ್ತವೆ. ಈಗ ಜೋಡಣೆಯ ಮೇಲೆ ಪೆನ್ಸಿಲ್‌ನಿಂದ ಎರಡು ಗೆರೆ ಹಾಕಿದ್ದೇನೆ, ಒಂದು ಚಳಿಗೆ, ಒಂದು ಬಿಸಿಲಿಗೆ. ಮಳೆಗಾಲಕ್ಕೆ ನಡುವೆ ಅಂದಾಜು.

ಮನೆಯಲ್ಲಿ ಉಳಿದಿರುವ ತಕರಾರು ಒಂದೇ. ಮೇಲಿನ ಸಪ್ತಕ ಬಹಳ ಚೂಪು. ನಾನು ಊದುವಾಗ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಲೆಕ್ಕ ತಪ್ಪುತ್ತದಂತೆ, ಎರಡು ಸಲ ಬೇಳೆ ಕರಗಿ ಹೋಗಿದೆ. ಇದರ ಇಮ್ಮಡಿ ಉದ್ದದ್ದು ತಂದರೆ ಸ್ವರ ಒಂದು ಸಪ್ತಕ ಕೆಳಗಿಳಿಯುತ್ತದೆ. ಆದರೆ 60 ಸೆಂಟಿಮೀಟರಿಗೆ ನನ್ನ ಬೆರಳು ಅಗಲುವುದಿಲ್ಲ, ಮೇಳದಲ್ಲೇ ಹಿಡಿದು ನೋಡಿದ್ದೆ. ನಡುವಿನ ಅಳತೆ, 36 ಸೆಂಟಿಮೀಟರ್ ಹತ್ತಿರದ್ದು, ಈ ಸಲ ಮೇಳ ಬಂದರೆ ನೋಡಬೇಕು. ಅಲ್ಲಿಯವರೆಗೆ ಬೇಳೆ ಇಡುವ ಹೊತ್ತಿಗೆ ನನ್ನ ರಿಯಾಜ್ ಮಾಳಿಗೆಯ ಮೇಲೆ.